ಕೇಕು ಅಲುಗದ ಕಾರು

ಜನವರಿ 12

ಅಣ್ಣನಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ನಿನ್ನ ಎದೆ ಧಸಕ್ಕೆಂದಿರಬೇಕು. ಅಮ್ಮ ಚೆನ್ನಾಗಿದ್ದಾಳೆ. ಬೇಕರಿ ಚೆನ್ನಾಗಿದೆ. ನಾನೂ ಚೆನ್ನಾಗಿದ್ದೇನೆ, ನೀನು ಕೇಳದಿದ್ದರೂ ಹೇಳುತ್ತಿದ್ದೇನೆ. ಕೆಟ್ಟಿರುವುದು ನಮ್ಮ ವ್ಯಾನು ಮಾತ್ರ.

ಕಳೆದ ವಾರ ಸೇತುವೆಯ ನಟ್ಟನಡುವೆ ಕೆಮ್ಮಿ ನಿಂತುಬಿಟ್ಟಿತು. ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದ, ಒಳಗೆ ಒಂದು ಸಲ ನೋಡಿದ, ಮತ್ತೆ ಮೆಲ್ಲಗೆ ಮುಚ್ಚಿದ. "ಅಕ್ಕಾ, ಇದಕ್ಕೆ ಇನ್ನೂ ಹಿಂಸೆ ಕೊಡ್ಬೇಡಿ" ಅಂದ. ಅಲ್ಲಿಂದ ಈಚೆಗೆ ಕೇಕುಗಳು ಬಾಡಿಗೆ ಕಾರಿನಲ್ಲಿ ಹೋಗುತ್ತಿವೆ. ಆ ಡ್ರೈವರುಗಳು ಕೇಕಿನ ಡಬ್ಬವನ್ನು ಸೂಟ್‌ಕೇಸಿನ ಹಾಗೆ ಡಿಕ್ಕಿಗೆ ತಳ್ಳುತ್ತಾರೆ. ನಾನು ದೊಡ್ಡ ಕೇಕಿನ ಆರ್ಡರುಗಳನ್ನೆಲ್ಲ ಬೇಡ ಎನ್ನುತ್ತಿದ್ದೇನೆ. ಮೂರು ಅಂತಸ್ತಿನ ಕೇಕು ಮಾಡದ ಬೇಕರಿ ಎಂದರೆ ಬನ್ನಿನ ಅಂಗಡಿ ಅಷ್ಟೇ. ಹೀಗೇ ಇನ್ನೊಂದು ವರ್ಷ ನಡೆದರೆ ಒಲೆ ಹಚ್ಚುವುದೂ ಒಂದೇ, ಬಿಡುವುದೂ ಒಂದೇ.

ಆದ್ದರಿಂದ ಒಂದು ಹಳೆಯ ಎಲೆಕ್ಟ್ರಿಕ್ ಎಸ್‌ಯುವಿ ಕೊಳ್ಳಬೇಕೆಂದಿದ್ದೇನೆ. ಹಿಂದೆ ಜಾಗ ಅಗಲ, ನೆಲ ಸಮ. ನಮ್ಮ ಬೀದಿಯ ಉಬ್ಬುಗಳಿಗೆ ಹೊಟ್ಟೆ ತಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ನಿಲ್ಲಿಸಿದಾಗಲೂ ಎ.ಸಿ. ಓಡುತ್ತದಂತೆ, ಎಂಜಿನ್ ಗಡಗಡ ಇಲ್ಲದೆ. ಕ್ರೀಮಿನ ಪಾಲಿಗೆ ಅದು ಸ್ವರ್ಗ. ಆದರೆ ಹಳೆಯದು ಕೊಂಡರೆ ಮೂರು ತಿಂಗಳಿಗೆ ಕೈಕೊಡುತ್ತದೋ, ಮೂರು ವರ್ಷ ಬಾಳುತ್ತದೋ, ನನಗೆ ತಿಳಿಯದು. ದಿನವಿಡೀ ಹಳೆ ಗಾಡಿಗಳ ಅಡಿಯಲ್ಲಿ ಮಲಗಿ ಪರೀಕ್ಷೆ ಮಾಡುವ ಕೆಲಸ ನಿನ್ನದು. ಮನೆಯಲ್ಲೇ ವೈದ್ಯರಿರುವಾಗ ಊರೆಲ್ಲ ಯಾಕೆ ಅಲೆಯಲಿ?

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ಮೂರನೇ ಮಾತಿಗೆ ನಮ್ಮಿಬ್ಬರಲ್ಲಿ ಒಬ್ಬರು ಕಟ್ ಮಾಡುತ್ತಾರೆ. ಕಾಗದವಾದರೆ ನೀನು ಸಿಟ್ಟಿನಿಂದ ಎಸೆದರೂ ಸಾಯಂಕಾಲ ಎತ್ತಿ ಓದುತ್ತೀಯ ಎಂದು ಅಮ್ಮ ಹೇಳುತ್ತಾಳೆ.

ಇನ್ನೊಂದು ವಿಷಯ. ಮೂರು ವರ್ಷದ ಹಿಂದೆ ಮದುವೆ ಛತ್ರದ ತಿರುವಿನಲ್ಲಿ ಒಂದು ನಾಯಿಮರಿ ಅಡ್ಡ ಬಂದದ್ದು, ನೀನು ಬ್ರೇಕು ತುಳಿದದ್ದು, ನಾನು ಎರಡು ದಿನ ನಿದ್ದೆಗೆಟ್ಟು ಮಾಡಿದ ಕೇಕು ಮಗುಚಿದ್ದು, ನಾನು ಎಲ್ಲರೆದುರು ಬೈದದ್ದು, ಮರುದಿನ ನೀನು ವ್ಯಾನಿನ ಕೀಲಿಯನ್ನು ಹಿಟ್ಟಿನ ಡಬ್ಬದ ಮೇಲಿಟ್ಟು ಹೊರಟುಹೋದದ್ದು, ಈ ಯಾವುದನ್ನೂ ಎತ್ತುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಆದ್ದರಿಂದ ಎತ್ತುವುದಿಲ್ಲ. ಸ್ವಲ್ಪ ಮೆಲ್ಲಗೆ ತುಳಿಯಬಹುದಿತ್ತು ಎಂದೂ ಹೇಳುವುದಿಲ್ಲ.

ಇಂತಿ,
ನಿನ್ನ ತಂಗಿ

ದೊಡ್ಡವನೇ, ಮೇ ಹದಿನಾಲ್ಕಕ್ಕೆ ನನಗೆ ಎಪ್ಪತ್ತು. ನೀವಿಬ್ಬರೂ ಒಂದೇ ಮೇಜಿಗೆ ಕೂತು ಕೇಕು ತಿನ್ನುವುದಾದರೆ ಮಾತ್ರ ತುಂಬಿಸಿಕೊಳ್ಳುತ್ತೇನೆ. ಇಲ್ಲವಾದರೆ ನನಗೆ ಅರವತ್ತೊಂಬತ್ತೇ ಸಾಕು. ಬೆನ್ನು ನೋವಿಗೆ ಎಣ್ಣೆ ಹಚ್ಚುತ್ತಿದ್ದೀಯಾ? – ಅಮ್ಮ


ಜನವರಿ 21

ತಂಗಿಗೆ,

ಕಾಗದ ತಲುಪಿತು. ಎಸೆಯಲಿಲ್ಲ. ಎದೆ ಧಸಕ್ಕೆಂದದ್ದು ನಿಜ.

ವ್ಯಾನಿನ ವಿಷಯ ಕೇಳಿ ಬೇಸರವಾಯಿತು. ಅದರ ಎರಡನೇ ಗೇರು ಹಾಕಬೇಕಾದರೆ ಸ್ವಲ್ಪ ಎಡಕ್ಕೆ ಒಲಿಸಿಕೊಳ್ಳಬೇಕಿತ್ತು. ನಾನು ಹೋದಮೇಲೆ ನೀನಿಟ್ಟ ಡ್ರೈವರುಗಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಾರರು.

ಇನ್ನು ಕೇಳಿದ ವಿಷಯ. ಹಳೆಯ ಎಲೆಕ್ಟ್ರಿಕ್ ಕಾರು ಕೊಳ್ಳುವುದೆಂದರೆ ಹಳೆಯ ಬ್ಯಾಟರಿ ಕೊಳ್ಳುವುದು. ಕಾರು ಅದಕ್ಕೆ ತೊಡಿಸಿದ ಅಂಗಿ. ನೀನು ಅಂಗಿಯ ಬಣ್ಣ ನೋಡಿ ಮರುಳಾಗುವವಳೆಂದು ನನಗೆ ಗೊತ್ತು, ಹಾಗಾಗಿ ಮೊದಲೇ ಹೇಳುತ್ತಿದ್ದೇನೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿಯ ಆರೋಗ್ಯದ ರಿಪೋರ್ಟು ತೆಗೆದುಕೊಡುತ್ತಾರೆ. ಹೊಸದಿದ್ದಾಗಿನ ಶಕ್ತಿಯಲ್ಲಿ ಈಗ ಎಷ್ಟು ಪಾಲು ಉಳಿದಿದೆ ಎಂದು ಅದರಲ್ಲಿರುತ್ತದೆ. ಆ ರಿಪೋರ್ಟು ಇಲ್ಲದೆ ಒಂದು ಪೈಸೆ ಮುಂಗಡ ಕೊಡಬೇಡ. ಮಾರುವವರು ಕೊಡಲು ಹಿಂದೆಮುಂದೆ ನೋಡಿದರೆ ಚಪ್ಪಲಿ ಹಾಕಿಕೊಂಡು ಮನೆಗೆ ಬಾ. ಬ್ಯಾಟರಿಯ ಗ್ಯಾರಂಟಿ ಇನ್ನೂ ಉಳಿದಿದೆಯೇ, ಎರಡನೇ ಮಾಲೀಕರ ಹೆಸರಿಗೂ ನಡೆಯುತ್ತದೆಯೇ ಎಂದು ಬಾಯಿಮಾತಲ್ಲ, ಕಾಗದದಲ್ಲಿ ನೋಡು.

ಪೂರ್ತಿ ಚಾರ್ಜಾದಾಗ ಮೀಟರು ಇಷ್ಟು ಕಿಲೋಮೀಟರು ಓಡುತ್ತೇನೆಂದು ತೋರಿಸುತ್ತದೆ. ಅದನ್ನು ನಂಬಬೇಡ. ಅದು ನೆಂಟರು "ನಮ್ದು ಊಟ ಆಯ್ತು" ಎಂದ ಹಾಗೆ. ಕಾರನ್ನು ಹೇಗೆ ಚಾರ್ಜು ಮಾಡುತ್ತಿದ್ದರು ಎಂದು ಕೇಳು. ಮನೆಯಲ್ಲಿ ನಿಧಾನವಾಗಿ ಮಾಡುತ್ತಿದ್ದರೆ ಒಳ್ಳೆಯದು. ದಿನಾ ಹೊರಗೆ ಅವಸರದ ಚಾರ್ಜರಿಗೆ ಸಿಕ್ಕಿಸುತ್ತಿದ್ದರೆ ಬ್ಯಾಟರಿ ಬೇಗ ಮುದಿಯಾಗುತ್ತದೆ. ಬಗ್ಗಿ ಅಡಿಯನ್ನೂ ನೋಡು, ಬ್ಯಾಟರಿ ಇರುವುದು ಅಲ್ಲೇ. ಕಲ್ಲಿಗೆ ಬಡಿದ ಗುಳಿ ಇರಬಾರದು. ಈ ಗಾಡಿಗಳು ಭಾರ, ಟೈರು ಬೇಗ ಸವೆಸುತ್ತವೆ. ಬ್ರೇಕು ಕಡಿಮೆ ಬಳಕೆಯಾಗುವುದರಿಂದ ಡಿಸ್ಕಿಗೆ ತುಕ್ಕು ಹಿಡಿದಿರುತ್ತದೆ. ಸ್ವಲ್ಪವಾದರೆ ಹೆದರಬೇಡ, ದಪ್ಪಗಿದ್ದರೆ ಬಿಡು. ಚಾರ್ಜಿನ ಕೇಬಲ್ಲು ಗಾಡಿಯ ಜೊತೆ ಬರಬೇಕು, ಹಳೆ ಮಾಲೀಕರು ತಮ್ಮ ಫೋನಿನಿಂದ ಕಾರಿನ ಖಾತೆಯನ್ನು ಬಿಡಿಸಿಕೊಡಬೇಕು. ಇಲ್ಲದಿದ್ದರೆ ನೀನು ಕ್ರೀಮು ಸಾಗಿಸುವಾಗ ಅವರು ಮನೆಯಲ್ಲಿ ಕೂತು ಎ.ಸಿ. ಆರಿಸಬಹುದು.

ಎರಡು ಕೀಲಿ ಕೇಳು. ಒಂದೇ ಕೀಲಿ ಕೊಟ್ಟರೆ ಇನ್ನೊಂದು ಎಲ್ಲಿ ಎಂದು ಕೇಳು.

ನಾಯಿಮರಿಯ ಮಾತು ನೀನು ಎತ್ತಲಿಲ್ಲವಾದ್ದರಿಂದ ನಾನೂ ಎತ್ತುವುದಿಲ್ಲ. ಮೆಲ್ಲಗೆ ತುಳಿದಿದ್ದರೆ ಅದು ಸಾಯುತ್ತಿತ್ತು.

ಅಮ್ಮನಿಗೆ ಹೇಳು, ಎಣ್ಣೆ ಹಚ್ಚುತ್ತಿದ್ದೇನೆ. ಮೇ ತಿಂಗಳ ಬಗ್ಗೆ ಈಗಲೇ ಏನೂ ಹೇಳಲಾರೆ, ರಜೆ ನೋಡಬೇಕು.

ಇಂತಿ,
ಅಣ್ಣ


ಫೆಬ್ರವರಿ 4

ಅಣ್ಣನಿಗೆ,

ನಿನ್ನ ಕಾಗದವನ್ನು ಒಲೆಯ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಅದರ ಮೇಲೆ ಆಗಲೇ ಬೆಣ್ಣೆಯ ಕಲೆ ಬಿದ್ದಿದೆ. ಆದರೆ ನೀನು ಬರೆದದ್ದರಲ್ಲಿ ಒಂದು ದೊಡ್ಡ ಕೊರತೆಯಿದೆ. ಟೈರು, ತುಕ್ಕು, ಗ್ಯಾರಂಟಿ, ಎಲ್ಲ ಇದೆ. ಕೇಕೇ ಇಲ್ಲ. ಕಾರು ಎಷ್ಟು ಗಟ್ಟಿಯಾಗಿದ್ದರೇನು, ಒಳಗಿನ ಕೇಕು ಅಲುಗಿದರೆ ಅದನ್ನು ಕಟ್ಟಿಕೊಂಡು ನಾನೇನು ಮಾಡಲಿ? ಹಾಗಾಗಿ ನಾನೇ ಒಂದು ಪರೀಕ್ಷೆ ಮಾಡಿದೆ. ಒಂದೇ ಅಳತೆಯ, ಒಂದೇ ಹದದ ಮೂರಂತಸ್ತಿನ ಕೇಕು ಎರಡು. ಒಳಗೆ ಕಡ್ಡಿಯ ಆಸರೆಯಿಲ್ಲ. ತುದಿಯಲ್ಲಿ ಒಂದೊಂದು ಚೆರ್ರಿ. ಇಬ್ಬರು ಮಾರುವವರು, ಇಬ್ಬರಿಗೂ ಒಂದೇ ರಸ್ತೆ. ಬೇಕರಿಯಿಂದ ಪೋಸ್ಟಾಫೀಸು, ಅಲ್ಲಿಂದ ವಾಪಸು. ನಗಬೇಡ.

ಮೊದಲನೆಯದು ಹಲ್ಲಿನ ಡಾಕ್ಟರದು. ನನ್ನ ಬಾಚಿಹಲ್ಲು ಕಿತ್ತವರು, ನಿನಗೆ ನೆನಪಿರಬೇಕು. ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಮನೆಗೆ ಬಿಟ್ಟರೆ ಕಾರು ಬೇರೆಲ್ಲೂ ಹೋಗಿಲ್ಲವಂತೆ. ಕಾಗದ ಪತ್ರವೆಲ್ಲ ಫೈಲಿನಲ್ಲಿ ಜೋಡಿಸಿಟ್ಟಿದ್ದಾರೆ. ಆದರೆ ನಾನು ಹೋದಾಗ ಪೂರ್ತಿ ಚಾರ್ಜು ಸಹ ಮಾಡಿರಲಿಲ್ಲ, ಅರ್ಧಕ್ಕಿಂತ ತುಸು ಮೇಲಿತ್ತು. ಮಾರುವ ಗಾಡಿಗೆ ಅಷ್ಟಾದರೂ ಮರ್ಯಾದೆ ಬೇಡವೇ? ಅದೂ ಹೋಗಲಿ. ಅವರು ಆಕ್ಸಿಲರೇಟರಿನಿಂದ ಕಾಲು ಎತ್ತಿದಾಗಲೆಲ್ಲ ಕಾರು ಯಾರೋ ಹಿಂದಿನಿಂದ ಜಗ್ಗಿದ ಹಾಗೆ ನಿಧಾನವಾಗುತ್ತದೆ. ಪ್ರತಿ ಸಿಗ್ನಲ್ಲಿಗೂ ಕೇಕು ಮುಂದಕ್ಕೆ ಬಾಗಿ ನಮಸ್ಕಾರ ಮಾಡಿತು. ಪೋಸ್ಟಾಫೀಸು ಬರುವಷ್ಟರಲ್ಲಿ ಮೇಲಿನ ಅಂತಸ್ತಿನ ಕತ್ತು ವಾಲಿತ್ತು. ಡಾಕ್ಟರು ತಿರುಗಿ ನೋಡಿ, ಇದಕ್ಕೆ ಒಂದು ಕ್ಯಾಪ್ ಹಾಕಿದರೆ ಸರಿಹೋಗುತ್ತದೆ ಎಂದರು. ನಾನು ನಗಲಿಲ್ಲ.

ಎರಡನೆಯದು ದೊಡ್ಡ ರಸ್ತೆಯ ಹಳೆ ಕಾರಿನ ಅಂಗಡಿಯದು. ಅಂಗಡಿಯವರಿಗೆ ಅಮ್ಮ 'ನಗುಮುಖದವರು' ಎಂದು ಹೆಸರಿಟ್ಟಿದ್ದಾಳೆ. ಎಂಥ ಆದರ, ಎಂಥ ಮಾತು! ಕಾರು ತೊಳೆದು, ಒರೆಸಿ, ಒಳಗೆ ಸೆಂಟು ಹೊಡೆದು, ಬೆಳಿಗ್ಗೆಯೇ ನೂರಕ್ಕೆ ನೂರು ಚಾರ್ಜು ಮಾಡಿಸಿ ನಿಲ್ಲಿಸಿದ್ದರು. ಅಣ್ಣಾ, ಹಾಲಿನ ಮೇಲೆ ಕೆನೆ ತೇಲಿದ ಹಾಗೆ ಹೋಯಿತು. ಕಾಲು ಎತ್ತಿದರೂ ಜಗ್ಗುವುದಿಲ್ಲ, ಹಾಗೇ ಜಾರುತ್ತದೆ. ವಾಪಸು ಬಂದಾಗ ಚೆರ್ರಿ ಇಟ್ಟಲ್ಲೇ ಇತ್ತು. ಬ್ಯಾಟರಿ ರಿಪೋರ್ಟು ಕೇಳಿದೆ. "ಮೇಡಂ, ಮಗು ಮುಖ ನೋಡಿದ್ರೆ ಆರೋಗ್ಯ ಗೊತ್ತಾಗಲ್ವಾ?" ಅಂದರು. ಅದೂ ನಿಜವೇ ಅನ್ನಿಸಿತು.

ಸೋಮವಾರ ಮುಂಗಡ ಕೊಡಬೇಕೆಂದಿದ್ದೇನೆ. ನಿನಗೆ ತಿಳಿಸಿದ ಹಾಗಾಯಿತು.

ಇಂತಿ,
ನಿನ್ನ ತಂಗಿ

ಕತ್ತು ವಾಲಿದ ಕೇಕನ್ನು ನಾನೇ ತಿಂದೆ. ರುಚಿಯಲ್ಲಿ ಏನೂ ವಾಲಿರಲಿಲ್ಲ. – ಅಮ್ಮ


ಫೆಬ್ರವರಿ 8

ಚೂಟಿಗೆ,

ನಿನ್ನ ಕಾಗದ ಓದಿದ ಕೂಡಲೇ ಫೋನು ಮಾಡಿದೆ. ಅಮ್ಮ ಎತ್ತಿದಳು. ಮುಂಗಡ ಕೊಡಲು ಬಿಡಬೇಡ, ಬೇಕಾದರೆ ಚೂಟಿಯ ಪರ್ಸು ಬಚ್ಚಿಡು ಎಂದು ಹೇಳಿದೆ. ಪರ್ಸು ಈಗ ಹಿಟ್ಟಿನ ಮೂಟೆಗಳ ಹಿಂದೆ ಇದೆಯಂತೆ. ನಾನು ಹೇಳಿದೆನೆಂದು ಹೇಳಬೇಡ ಎಂದಿದ್ದೆ, ಅಮ್ಮ ಆಗಲೇ ಹೇಳಿರುತ್ತಾಳೆ.

ಚೂಟಿ, ನೀನು ಮಾಡಿದಂಥ ತಪ್ಪನ್ನು ಈ ಲೋಕದಲ್ಲಿ ಒಬ್ಬ ಬೇಕರಿಯವಳು ಮಾತ್ರ ಮಾಡಬಲ್ಲಳು. ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಕ್ಕು ನಕ್ಕು ಒಬ್ಬರಿಗೆ ಬಿಕ್ಕಳಿಕೆ ಹಿಡಿಯಿತು. ಈಗ ಸಮಾಧಾನವಾಗಿ ಓದು.

ಎಲೆಕ್ಟ್ರಿಕ್ ಕಾರಿನಲ್ಲಿ ಕಾಲು ಎತ್ತಿದರೆ ಮೋಟರು ತಿರುಗುಮುರುಗಾಗಿ ಕೆಲಸ ಮಾಡುತ್ತದೆ. ಓಡುವ ಚಕ್ರದಿಂದಲೇ ಕರೆಂಟು ಮಾಡಿ ಬ್ಯಾಟರಿಗೆ ವಾಪಸು ತುಂಬುತ್ತದೆ. ಹಾಗೆ ತುಂಬುವಾಗ ಕಾರು ನಿಧಾನವಾಗುತ್ತದೆ. ಡಾಕ್ಟರ ಕಾರಿನಲ್ಲಿ ನಿನ್ನ ಕೇಕಿನಿಂದ ನಮಸ್ಕಾರ ಮಾಡಿಸಿದ್ದು ಅದೇ. ಅದು ರೋಗವಲ್ಲ, ಗುಣ. ಎಷ್ಟು ಜೋರಾಗಿ ಜಗ್ಗಬೇಕೆಂದು ಕಡಿಮೆ ಹೆಚ್ಚು ಮಾಡುವ ಗುಂಡಿಯೂ ಇರುತ್ತದೆ. ಡಾಕ್ಟರು ಅದನ್ನು ಪೂರ್ತಿ ಮೇಲಿಟ್ಟುಕೊಂಡಿದ್ದಾರೆ, ಅಷ್ಟೇ.

ಇನ್ನು ನಗುಮುಖದವರ ಕಾರು. ಬ್ಯಾಟರಿ ನೂರಕ್ಕೆ ನೂರು ತುಂಬಿರುವಾಗ ವಾಪಸು ತುಂಬಲು ಜಾಗವೆಲ್ಲಿ? ಹೊಟ್ಟೆ ಬಿರಿಯುವಷ್ಟು ಉಂಡವನ ಎಲೆಗೆ ಬಡಿಸಲು ಹೋದರೆ ಕೈ ಅಡ್ಡ ಹಿಡಿಯುತ್ತಾನಲ್ಲ, ಹಾಗೆ. ಅದಕ್ಕೇ ಕಾರು ಜಗ್ಗಲಿಲ್ಲ, ಜಾರಿತು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನೇ ಅವರು ನಿನಗೆ ಮಾರಲು ಹೊರಟಿದ್ದರು. ಅದೇ ಕಾರು ಅರ್ಧಕ್ಕೆ ಇಳಿದಾಗ ಅದೇ ಕೇಕಿಟ್ಟುಕೊಂಡು ಹೋಗು, ಚೆರ್ರಿ ಎಲ್ಲಿರುತ್ತದೆ ನೋಡೋಣ. ಡಾಕ್ಟರು ಚಾರ್ಜನ್ನು ಅರ್ಧಕ್ಕಿಂತ ತುಸು ಮೇಲೆ ಇಟ್ಟದ್ದು ಮರ್ಯಾದೆ ಇಲ್ಲದೆ ಅಲ್ಲ. ದಿನಬಳಕೆಯಲ್ಲಿ ಎಂಬತ್ತರ ಆಚೆ ತುಂಬಿಸದೆ, ಇಪ್ಪತ್ತರ ಕೆಳಗೆ ಇಳಿಸದೆ ನೋಡಿಕೊಂಡರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಅವರಿಗೆ ಕಾರು ಸಾಕಲು ಬರುತ್ತದೆ.

ನಗುಮುಖದವರ ಅಂಗಳದಲ್ಲಿ ಕಾರು ನಿಲ್ಲಿಸಿ, ಎ.ಸಿ. ಹಾಕಿಕೊಂಡು ಒಂದು ಮಧ್ಯಾಹ್ನ ಸುಮ್ಮನೆ ಕೂರು. ಆರೋಗ್ಯವಂತ ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. ಮುದಿ ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ. ಹೇಗೂ ನಿನ್ನ ಕೇಕಿಗೆ ಬೇಕಾದದ್ದು ಅದೇ ತಾನೇ.

ಕೊನೆಗೆ ಒಂದು ಪ್ರಶ್ನೆ. ಟೆಸ್ಟ್ ಡ್ರೈವ್ ಎಂದರೆ ಕೊಳ್ಳುವವರು ಓಡಿಸಿ ನೋಡುವುದು. ನೀನು ಎರಡು ಸಲವೂ ಹಿಂದೆ ಕೂತು ಚೆರ್ರಿ ಕಾಯುತ್ತಿದ್ದೆ. ನಿನಗೆ ಸೈಕಲ್ಲು ಬಿಟ್ಟರೆ ಬೇರೇನೂ ಓಡಿಸಲು ಬರುವುದಿಲ್ಲ. ಹಾಗಾದರೆ ಈ ಕಾರನ್ನು ಓಡಿಸುವವರು ಯಾರು? ನನ್ನನ್ನು ವಾಪಸು ಕರೆಸಲು ಇದೊಂದು ಉಪಾಯವಾದರೆ ನೇರವಾಗಿ ಹೇಳು.

ಅಣ್ಣ


ಫೆಬ್ರವರಿ 27

ಅಣ್ಣನಿಗೆ,

ಕಚೇರಿಯಲ್ಲಿ ಎಲ್ಲರೆದುರು ಓದಿದೆಯಾ? ಓದು, ಓದು. ನಾನೂ ನಿನ್ನ ಕಾಗದವನ್ನು ಗೋಡೆಗೆ ಅಂಟಿಸಿದ್ದೇನಲ್ಲ, ಸರಿಗೆ ಸರಿ.

ನೀನು ಹೇಳಿದ ಹಾಗೇ ಒಂದು ಕೇಕು, ಒಂದು ಕಾದಂಬರಿ ಹಿಡಿದುಕೊಂಡು ನಗುಮುಖದವರ ಅಂಗಳಕ್ಕೆ ಹೋದೆ. ಎ.ಸಿ. ಹಾಕಿಸಿಕೊಂಡು ಹಿಂದೆ ಕೂತೆ. ಮೊದಲು ನಕ್ಕರು. ಆಮೇಲೆ ಟೀ ಕಳಿಸಿದರು. ಮೂರನೇ ಅಧ್ಯಾಯ ಮುಗಿಯುವಷ್ಟರಲ್ಲಿ ಅವರ ನಗು ಮುಖದ ಒಂದೇ ಬದಿಯಲ್ಲಿ ಉಳಿದಿತ್ತು. ಚಾರ್ಜು ತೂತು ಬಿದ್ದ ಹಾಲಿನ ಪಾಕೀಟಿನ ಹಾಗೆ ಇಳಿಯುತ್ತಿತ್ತು. ಅರ್ಧಕ್ಕೆ ಬಂದಮೇಲೆ ಈಗ ಒಂದು ಸುತ್ತು ಹೋಗೋಣ ಎಂದೆ. ಮೊದಲನೇ ಸಿಗ್ನಲ್ಲಿನಲ್ಲಿ ಅವರು ಕಾಲು ಎತ್ತಿದರು, ಚೆರ್ರಿ ಹಾರಿ ಅವರ ಅಂಗಿಯ ಕಾಲರಿನ ಒಳಗೆ ಬಿತ್ತು. ಸರ್ವಿಸ್ ಸೆಂಟರಿಗೆ ಹೋಗಿ ರಿಪೋರ್ಟು ತೆಗೆಸೋಣ ಎಂದೆ. ಅವರಿಗೆ ಇದ್ದಕ್ಕಿದ್ದ ಹಾಗೆ ಬೇರೆ ಕೆಲಸ ನೆನಪಾಯಿತು. ಆ ಕಾರು ಬಾಡಿಗೆಗೆ ಓಡುತ್ತಿತ್ತಂತೆ, ದಿನಕ್ಕೆ ಎರಡು ಸಲ ಅವಸರದ ಚಾರ್ಜರಿಗೆ ಸಿಕ್ಕಿಸುತ್ತಿದ್ದರಂತೆ. ಟೀ ತಂದುಕೊಟ್ಟವರೇ ಹೇಳಿದರು. ಮೇಲೆ ಥಳುಕು, ಒಳಗೆ ಹುಳುಕು.

ಅಲ್ಲಿಂದ ಸೀದಾ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಜಗ್ಗುವುದನ್ನು ಕಡಿಮೆ ಮಾಡುವ ಗುಂಡಿ ಎಲ್ಲಿ ಎಂದು ಕೇಳಿದೆ. ಅಂಥದ್ದೊಂದು ಇದೆಯೇ ಎಂದು ಅವರೇ ನನ್ನನ್ನು ಕೇಳಿದರು! ಇಬ್ಬರೂ ಪುಸ್ತಕ ತೆರೆದು ಹುಡುಕಿದೆವು. ಗುಂಡಿ ಸಿಕ್ಕಿತು. ಪೋಸ್ಟಾಫೀಸಿಗೆ ಹೋಗಿ ಬಂದೆವು. ಚೆರ್ರಿ ಕದಲಲಿಲ್ಲ. ರಿಪೋರ್ಟು ತೆಗೆಸಿದೆ. ನೂರರಲ್ಲಿ ತೊಂಬತ್ತೊಂದು ಪಾಲು ಉಳಿದಿದೆ, ಗ್ಯಾರಂಟಿ ನನ್ನ ಹೆಸರಿಗೂ ನಡೆಯುತ್ತದೆ. ನಾನು ಕಾರಿನಡಿ ಮಲಗಿ ನೋಡಿದೆ. ಅಡಿಯಲ್ಲಿ ಒಂದು ಗೀರೂ ಇಲ್ಲ, ನನ್ನ ಬೆನ್ನಿನಲ್ಲಿ ಮಾತ್ರ ಎರಡಿವೆ. ಹಿಂದಿನ ಟೈರು ಬದಲಿಸಬೇಕು, ಅಷ್ಟು ಬೆಲೆಯಲ್ಲಿ ಇಳಿಸಿದರು. ಖಾತೆ ಬಿಡಿಸಿಕೊಟ್ಟರು. ಕೇಬಲ್ಲು ಬಂತು. ಕೀಲಿ ಎರಡೂ ಬಂದವು. ಎರಡನೆಯದು ಇನ್ನೂ ಪ್ಲಾಸ್ಟಿಕ್ಕಿನೊಳಗೇ ಇದೆ, ಅದಕ್ಕೆ ಹಲ್ಲಿನ ಆಕಾರದ ಒಂದು ಕೀಚೈನು.

ಕಾರು ಈಗ ನಮ್ಮ ಬೇಕರಿಯ ಮುಂದೆ ನಿಂತಿದೆ. ಬೂದು ಬಣ್ಣ. ಅಂಗಿ ನೋಡಿ ಮರುಳಾಗಲಿಲ್ಲ, ಗಮನಿಸು.

ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಬರೆಯುವಷ್ಟು ಈ ಹಾಳೆಯಲ್ಲಿ ಜಾಗ ಉಳಿದಿಲ್ಲ.

ಚೂಟಿ

ಜಾಗ ಬೇಕಾದಷ್ಟಿದೆ. ಅವಳು ದಿನಾ ಬೆಳಿಗ್ಗೆ ಮೊದಲ ಬನ್ನು ಒಲೆಗಿಟ್ಟು ಡ್ರೈವಿಂಗ್ ಕ್ಲಾಸಿಗೆ ಹೋಗುತ್ತಾಳೆ. ನಿನಗೆ ಹೇಳಬಾರದು ಎಂದಿದ್ದಾಳೆ, ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ ರಸ್ತೆ ಬದಿಯ ಕಸದ ಡಬ್ಬಕ್ಕೆ ಗುದ್ದಿದಳಂತೆ. ಡಬ್ಬಕ್ಕೆ ಹೆಚ್ಚು ಪೆಟ್ಟಾಗಿಲ್ಲ. – ಅಮ್ಮ


ಮಾರ್ಚ್ 6

ಚೂಟಿಗೆ,

ತೊಂಬತ್ತೊಂದು! ಆ ಕಾರನ್ನು ನೀನು ಬಿಟ್ಟಿದ್ದರೆ ನಾನೇ ರಜೆ ಹಾಕಿ ಬಂದು ಕೊಳ್ಳುತ್ತಿದ್ದೆ. ನಿಜವಾಗಿ ಹೆಮ್ಮೆಯಾಯಿತು. ಇದನ್ನೂ ಕಚೇರಿಯಲ್ಲಿ ಓದಿ ಹೇಳಿದೆ. ಚೆರ್ರಿ ಕಾಲರಿನೊಳಗೆ ಬಿದ್ದದ್ದನ್ನು ಎರಡು ಸಲ ಓದಿಸಿದರು.

ಡ್ರೈವಿಂಗ್ ಕ್ಲಾಸಿನ ವಿಷಯ ನನಗೆ ಗೊತ್ತಿಲ್ಲ. ಯಾರೂ ಹೇಳಿಲ್ಲ. ಆದರೆ ಗೊತ್ತಿದ್ದರೆ ಹೀಗೆ ಹೇಳುತ್ತಿದ್ದೆ: ಸ್ಟೀರಿಂಗನ್ನು ಹಿಟ್ಟು ನಾದುವ ಹಾಗೆ ಹಿಡಿಯಬೇಡ, ಕ್ರೀಮಿನ ಚೀಲ ಹಿಡಿಯುವ ಹಾಗೆ ಹಿಡಿ. ಕಣ್ಣು ಬಾನೆಟ್ಟಿನ ಮೇಲಲ್ಲ, ದೂರಕ್ಕೆ ಇರಲಿ. ದೂರ ನೋಡಿದವರಿಗೆ ಬ್ರೇಕಿನ ಕೆಲಸ ಕಡಿಮೆ. ಎಷ್ಟು ದೂರ ನೋಡಿದರೂ ಕೆಲವು ಸಲ ಏನೋ ಒಂದು ಅಡ್ಡ ಬರುತ್ತದೆ. ಅಂಥ ಹೊತ್ತಿನಲ್ಲಿ ಯೋಚಿಸಲು ಸಮಯವಿರುವುದಿಲ್ಲ, ಕಾಲೇ ಯೋಚಿಸುತ್ತದೆ.

ಕಸದ ಡಬ್ಬದ ಆರೋಗ್ಯ ವಿಚಾರಿಸಿದೆನೆಂದು ತಿಳಿಸು.

ಅಣ್ಣ


ಏಪ್ರಿಲ್ 18

ಅಣ್ಣನಿಗೆ,

ಇಷ್ಟು ದಿನ ಬರೆಯಲಿಲ್ಲ. ಕೆಲಸ ಜಾಸ್ತಿ. ದೊಡ್ಡ ಆರ್ಡರುಗಳು ಮತ್ತೆ ಬರುತ್ತಿವೆ, ಸದ್ಯಕ್ಕೆ ಡಾಕ್ಟರ ಹಳೆಯ ಡ್ರೈವರು ಅರ್ಧ ದಿನ ಬಂದು ಓಡಿಸಿಕೊಡುತ್ತಿದ್ದಾರೆ. ಕಾರು ಹೂವಿನ ಹಾಗೆ ಹೋಗುತ್ತದೆ.

ನಿನ್ನೆ ನಾನೇ ಓಡಿಸಿದೆ. ಪಕ್ಕದಲ್ಲಿ ನಮ್ಮ ಡ್ರೈವಿಂಗ್ ಟೀಚರಮ್ಮ ಇದ್ದರು. ಹಿಂದೆ ಶಾಲೆಯವರಿಗೆ ಕೊಡಬೇಕಾದ ಎರಡಂತಸ್ತಿನ ಕೇಕಿತ್ತು. ಔಷಧಿ ಅಂಗಡಿಯ ಹತ್ತಿರ ಒಂದು ಬೆಕ್ಕು ಅಡ್ಡ ಬಂತು. ನಾನು ದೂರವೇ ನೋಡುತ್ತಿದ್ದೆ ಅಣ್ಣ. ಆದರೂ ಬಂತು.

ಬೆಕ್ಕಿಗೆ ಏನೂ ಆಗಲಿಲ್ಲ. ಪಕ್ಕದ ಗೋಡೆ ಹತ್ತಿ ಕೂತು ನನ್ನನ್ನೇ ನೋಡಿತು.

ಕೇಕಿನ ವಿಷಯ ಕೇಳಬೇಡ. ಟೀಚರಮ್ಮ ನನ್ನ ಭುಜ ತಟ್ಟಿ, "ಒಳ್ಳೇ ಬ್ರೇಕ್ ಹಾಕಿದ್ರಿ, ಸರಿಯಾಗೇ ತುಳಿದ್ರಿ" ಅಂದರು. ನಾನು ಇಳಿದು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಕೇಕಿಗಾಗಿ ಅಳುತ್ತಿದ್ದೇನೆಂದು ಅವರು ತಿಳಿದರು. ಶಾಲೆಯವರಿಗೆ ಫೋನು ಮಾಡಿ ಹೇಳಿದೆ. ಅವರು ನಕ್ಕು, ಮಕ್ಕಳಿಗೆ ಬೆಕ್ಕಿನ ಕತೆ ಹೇಳುತ್ತೇವೆ, ಸಾಯಂಕಾಲಕ್ಕೆ ಇನ್ನೊಂದು ಕೊಡಿ ಎಂದರು.

ಯಾರೂ ನನ್ನನ್ನು ಬೈಯಲಿಲ್ಲ.

ಚೂಟಿ


ಏಪ್ರಿಲ್ 23

ಚೂಟಿ,

ಬೆಕ್ಕು ಬದುಕಿತಲ್ಲ, ಸಾಕು.

ಒಂದು ವಿಷಯ ಮೂರು ವರ್ಷದಿಂದ ಹೇಳಿರಲಿಲ್ಲ. ಅವತ್ತು ಸಂಜೆ ನಾನು ಆ ತಿರುವಿಗೆ ಮತ್ತೆ ಹೋದೆ. ಮರಿ ಇನ್ನೂ ಅಲ್ಲೇ ಚರಂಡಿಯ ಹತ್ತಿರ ಕೂತಿತ್ತು, ಮೂಗಿನ ಮೇಲೆ ಸ್ವಲ್ಪ ಕ್ರೀಮು ಅಂಟಿಕೊಂಡಿತ್ತು. ನಾವು ಬಳಿದು ಹಾಕಿದ ನಿನ್ನ ಕೇಕನ್ನು ತಿಂದಿತ್ತು. ಅದನ್ನು ಅಂಗಿಯೊಳಗೆ ಹಾಕಿಕೊಂಡು ಬಂದೆ. ಮರುದಿನ ನನ್ನ ಜೊತೆ ಅದೂ ಊರು ಬಿಟ್ಟಿತು. ಈಗ ಕರುವಿನ ಹಾಗೆ ಬೆಳೆದಿದೆ, ಇದನ್ನು ಬರೆಯುವಾಗ ನನ್ನ ಪಾದದ ಮೇಲೇ ಮಲಗಿದೆ. ಹೆಸರು ಬ್ರೇಕು.

ಅದಕ್ಕೆ ನಿನ್ನ ಕೈರುಚಿ ಗೊತ್ತು. ಇಲ್ಲಿನ ಬೇಕರಿಗಳ ಬನ್ನು ಕೊಟ್ಟರೆ ಮೂಸಿ ಆಚೆ ಹೋಗುತ್ತದೆ.

ಅಣ್ಣ


ಮೇ 3

ಅಣ್ಣಾ,

ಬ್ರೇಕು! ನಾಯಿಗೆ ಇಡುವ ಹೆಸರೇ ಅದು? ಓದಿ ನಕ್ಕೆ, ಮತ್ತೆ ಅತ್ತೆ, ಮತ್ತೆ ನಕ್ಕೆ. ಅಮ್ಮ ಕಾಗದ ಕಿತ್ತುಕೊಂಡು ಓದಿ, "ನೋಡಿದ್ಯಾ, ನನಗೊಬ್ಬ ಮೊಮ್ಮಗ ಇದ್ದಾನೆ, ಯಾರೂ ಹೇಳಲೇ ಇಲ್ಲ" ಅಂದಳು. ಆಗಿನಿಂದ ಅದಕ್ಕೆಂದು ಸಕ್ಕರೆಯಿಲ್ಲದ ಬಿಸ್ಕತ್ತು ಸುಡಿಸುತ್ತಿದ್ದಾಳೆ.

ನಿನ್ನೆ ನನಗೆ ಲೈಸೆನ್ಸು ಬಂತು. ಈಗ ನಿನ್ನ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಈ ಕಾರನ್ನು ಓಡಿಸುವವಳು ನಾನು. ಮೊದಲ ಕಾಗದ ಬರೆದ ದಿನವೇ ಕ್ಲಾಸಿಗೆ ಸೇರಿದ್ದೆ. ಯಾಕೆಂದರೆ ನೀನು ವಾಪಸು ಬರುವುದಾದರೆ ನನಗೆ ಡ್ರೈವರು ಇಲ್ಲವೆಂದು ಬರಬಾರದು. ಡ್ರೈವರು ಎಲ್ಲಾದರೂ ಸಿಗುತ್ತಾರೆ. ನನಗೆ ಬೇಕಾದದ್ದು ಅಣ್ಣ. ಹೇಳಿಬಿಟ್ಟೆ. ಫೋನಿನಲ್ಲಾಗಿದ್ದರೆ ಇದನ್ನು ಹೇಳುವ ಮೊದಲೇ ಕಟ್ ಮಾಡುತ್ತಿದ್ದೆ.

ಹದಿನಾಲ್ಕರ ಬೆಳಿಗ್ಗೆ ರೈಲು ನಿಲ್ದಾಣಕ್ಕೆ ನಾನೇ ಬರುತ್ತೇನೆ, ಕೇಕಿನ ಸಮೇತ. ಅಮ್ಮನ ಹುಟ್ಟುಹಬ್ಬದ ಊಟಕ್ಕೆ ಗೊತ್ತು ಮಾಡಿದ ಛತ್ರ ಅಲ್ಲಿಂದ ಮುಂದಿದೆ. ಹೌದು, ಅದೇ ತಿರುವು ದಾಟಬೇಕು. ಕೇಕು ಮೂರಂತಸ್ತಿನದು. ಈ ಸಲ ಬ್ರೇಕು ನನ್ನ ಕಾಲ ಕೆಳಗೆ, ಕೇಕು ನಿನ್ನ ತೊಡೆಯ ಮೇಲೆ. ನಿನ್ನ ಕೈಗೇ ಕೊಡುತ್ತಿದ್ದೇನೆ. ನಾಯಿ ಹಿಂದಿನ ಸೀಟಿನಲ್ಲಿರಲಿ.

ಚೂಟಿ

ಬಂದರೆ ಎಪ್ಪತ್ತು. ಬರದಿದ್ದರೆ ಏನೆಂದು ನಿನಗೆ ಗೊತ್ತು. – ಅಮ್ಮ


ಮೇ 19

ಚೂಟಿಗೆ,

ಕ್ಷೇಮವಾಗಿ ತಲುಪಿದೆವು. ಬ್ರೇಕು ಎರಡು ದಿನದಿಂದ ಬಾಗಿಲ ಹತ್ತಿರವೇ ಮಲಗಿದೆ. ಅಮ್ಮ ಕೊಟ್ಟ ಬಿಸ್ಕತ್ತು ರೈಲಿನಲ್ಲೇ ಖಾಲಿ.

ಕಾರನ್ನು ನಾನು ಬಂದ ದಿನವೇ ಅಡಿಯಿಂದ ಮೇಲೆ ಪೂರ್ತಿ ನೋಡಿದೆ, ನಿನಗೆ ತಿಳಿಯದ ಹಾಗೆ. ನೀನು ಕಿಟಕಿಯಿಂದ ನೋಡುತ್ತಿದ್ದೆಯೆಂದು ಅಮ್ಮ ಹೇಳಿದಳು. ಒಳ್ಳೆಯ ಗಾಡಿ. ತಿಂಗಳಿಗೊಮ್ಮೆ ಟೈರಿನ ಗಾಳಿ ನೋಡಬೇಕು, ನಿನ್ನ ಕೈಗೆ ಬಿಟ್ಟರೆ ಆಗುವ ಕೆಲಸವಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ನಾನೇ ಬಂದು ನೋಡುತ್ತೇನೆ.

ಓಡಿಸುವುದರ ಬಗ್ಗೆ ಅಲ್ಲಿ ಏನೂ ಹೇಳಲಿಲ್ಲ, ಈಗ ಹೇಳುತ್ತೇನೆ. ಚೆನ್ನಾಗಿ ಓಡಿಸುತ್ತೀಯ. ಆ ತಿರುವು ಬಂದಾಗ ನೀನು ದೂರದಿಂದಲೇ ಕಾಲು ಎತ್ತಿದೆ, ಕಾರು ತಾನಾಗಿ ನಿಧಾನವಾಯಿತು. ಅಡ್ಡ ಏನೂ ಬರಲಿಲ್ಲ. ಆದರೂ ನೀನು ನಿಲ್ಲಿಸಿ, ಆಚೆ ಈಚೆ ನೋಡಿ, ಆಮೇಲೆ ಹೊರಟೆ. ಕೇಕು ಅಲುಗಲಿಲ್ಲ. ನಾನೇ ಅತಿಯಾಗಿ ಬಿಗಿ ಹಿಡಿದಿದ್ದೆ. ಮಧ್ಯದ ಅಂತಸ್ತಿನ ಮೇಲೆ ನನ್ನ ಹೆಬ್ಬೆರಳು ಒತ್ತಿ ಗುಳಿಯಾಯಿತು. ಛತ್ರಕ್ಕೆ ತಲುಪಿದಾಗ ನೀನು ಚೀಲದಲ್ಲಿ ಕ್ರೀಮು ಇಟ್ಟುಕೊಂಡಿದ್ದೆ, ಒಂದೇ ಸಲ ಸವರಿದ್ದರೆ ಮುಚ್ಚಿಹೋಗುತ್ತಿತ್ತು. ನೀನು ಗುಳಿ ನೋಡಿದೆ, ಆದರೂ ಮುಚ್ಚದೆ ಹಾಗೇ ತೆಗೆದುಕೊಂಡು ಹೋಗಿ ಅಮ್ಮನ ಮುಂದಿಟ್ಟೆ. ಅವಳು ಆ ತುಂಡೇ ಬೇಕೆಂದು ಹಟ ಮಾಡಿದಳು. ಇಡೀ ಜೀವನದಲ್ಲಿ ನಾನು ಅಷ್ಟು ಸಂತೋಷವಾಗಿ ಯಾವ ಕೇಕನ್ನೂ ತಿಂದಿಲ್ಲ.

ಇವತ್ತು ಬ್ಯಾಗಿನ ಪಕ್ಕದ ಜೇಬಿನಲ್ಲಿ ಕೈ ಹಾಕಿದಾಗ ಹಲ್ಲಿನ ಆಕಾರದ ಕೀಚೈನು ಸಿಕ್ಕಿತು, ಎರಡನೇ ಕೀಲಿಯ ಸಮೇತ. ಪ್ಲಾಸ್ಟಿಕ್ಕನ್ನು ನೀನು ಬಿಚ್ಚಿರಲಿಲ್ಲ. ನಾನು ಬಿಚ್ಚಿದೆ.

ಈ ಸಲ ಇದನ್ನು ಹಿಟ್ಟಿನ ಡಬ್ಬದ ಮೇಲೆ ಇಡುವುದಿಲ್ಲ.

ನಿನ್ನ,
ಅಣ್ಣ